ಮ್ಯಾಚ್‌ಬಾಕ್ಸಾ, ಹಾಟ್ ವೀಲ್ಸಾ?

ಹಳೆಯ ಆಟಿಕೆ ಕಾರುಗಳನ್ನು ಪ್ಯಾಕಿಂಗ್ ಸಮೇತ ಕೂಡಿಡಬೇಕು, ಮ್ಯಾಚ್‌ಬಾಕ್ಸ್, ಹಾಟ್ ವೀಲ್ಸ್ ಈ ಎರಡು ಬ್ರ್ಯಾಂಡ್‌ಗಳಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಹುಬ್ಬಳ್ಳಿಯ ಗೆಳೆಯರೊಬ್ಬರು ಕೇಳಿದರು.

ಕಾರನ್ನು ಕೈಯಲ್ಲಿ ಹಿಡಿದು ನೋಡುವ ಆಸೆಯಿದ್ದರೆ 1953ರಲ್ಲಿ ಶುರುವಾದ ಮ್ಯಾಚ್‌ಬಾಕ್ಸ್ ತಗೊಳ್ಳಿ. ಬೆಂಕಿಪೊಟ್ಟಣದಂಥ ರಟ್ಟಿನ ಡಬ್ಬಿ. ಕಾರು ತೆಗೆದು ನೋಡಿ ಮತ್ತೆ ಒಳಗಿಡಬಹುದು. ಮುಚ್ಚಳದ ಮಡಿಕೆ ಮಾತ್ರ ಬೇಗ ಹರಿಯುತ್ತದೆ. ನಕಲಿ ಡಬ್ಬಿಗಳೂ ಇವೆ. ಅಂಚಿಗೆ ಬೆರಳಾಡಿಸಿ: ಹಳೇ ಕಾರಿಗೆ ಸವೆತವೇ ಇಲ್ಲದ ಬೆಳ್ಳನೆಯ ರಟ್ಟು ಸಿಕ್ಕರೆ ಅನುಮಾನ ಪಡಿ.

1968ರ ಹಾಟ್ ವೀಲ್ಸ್ ಹಾಗಲ್ಲ. ರಟ್ಟಿಗೆ ಅಂಟಿದ ಪ್ಲಾಸ್ಟಿಕ್ ಬಿಚ್ಚಿದರೆ ಮುಗೀತು, ಬೆಲೆ ಬೀಳುತ್ತದೆ. ಗೋಡೆಗೆ ತೂಗುಹಾಕಿ ಖುಷಿಪಡುವವರಿಗೆ ಇದೇ ಚೆಂದ. ಬಿಸಿಲು ಬೀಳುವ ಗೋಡೆ ಬೇಡ, ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಕಾಸು ಕಡಿಮೆಯಿದ್ದರೆ 70ರ ದಶಕದ ಮ್ಯಾಚ್‌ಬಾಕ್ಸ್ ಹುಡುಕಿ. ಮೊದಲ ವರ್ಷಗಳ ಸೀಲ್ ಒಡೆಯದ ಹಾಟ್ ವೀಲ್ಸ್ ತುಂಬಾ ದುಬಾರಿ.

ಧಾರವಾಡದ ಜಿಟಿಜಿಟಿ ಮಳೆಗೆ ಎರಡರ ರಟ್ಟೂ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿಡಿ.