ಲಾಂಚಾ ಔರೇಲಿಯಾ ಬಿ20 ಜಿಟಿ: ಸೂಪರ್ಗಾ ರಸ್ತೆಯಲ್ಲಿ ಓಡಿಸಿದ ಮೇಲೆ

ಟೂರಿನ್‌ನಲ್ಲಿ ಗೇರ್‌ಬಾಕ್ಸ್ ವಿನ್ಯಾಸ ಮಾಡುವುದು ನನ್ನ ಕೆಲಸ. ಹಾಗಾಗಿ ಯಾವ ಹಳೆಯ ಕಾರು ಕಂಡರೂ ಮೊದಲು ಬಗ್ಗಿ ಅಡಿಯಲ್ಲಿ ಏನಿದೆ ಅಂತ ನೋಡುತ್ತೇನೆ. ಇಟಲಿಯ ಲಾಂಚಾ ಕಂಪನಿಯ ಹಳೆಯ ಕಾರು ಔರೇಲಿಯಾ ಬಿ20ಯ ಅಡಿಯಲ್ಲಿ ನೋಡಿದಷ್ಟೂ ಇದೆ. ಎಂಜಿನ್ ಮುಂದೆ. ಕ್ಲಚ್ಚು, ಗೇರ್‌ಬಾಕ್ಸು, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲು ಮೂರೂ ಒಟ್ಟಿಗೆ ಹಿಂದೆ. ಹಿಂದಿನ ಬ್ರೇಕ್ ಡ್ರಮ್ಮುಗಳು ಕೂಡ ಚಕ್ರದೊಳಗಿಲ್ಲ, ಗೇರ್‌ಬಾಕ್ಸಿನ ಎರಡೂ ಪಕ್ಕಕ್ಕೆ ಕೂತಿವೆ. ಇದೆಲ್ಲ 1951ರಲ್ಲಿ ಅಂಗಡಿಗೆ ಬಂದ ಕಾರಿನಲ್ಲಿ!

ಪರಿಚಯದ ಹಿರಿಯರೊಬ್ಬರ ಬಳಿ ನಾಲ್ಕನೇ ಸರಣಿಯ, ಅಂದರೆ ಇದೇ ಮಾದರಿಯನ್ನು ಸುಧಾರಿಸುತ್ತಾ ಹೊರತಂದ ಆವೃತ್ತಿಗಳಲ್ಲಿ ನಾಲ್ಕನೆಯ ಗಾಡಿ ಇದೆ. ಪೋ ನದಿ ದಾಟಿ ಸೂಪರ್ಗಾ ಗುಡ್ಡ ಹತ್ತುವಲ್ಲಿ ಸ್ಟೇರಿಂಗ್ ನನ್ನ ಕೈಗೆ ಕೊಟ್ಟರು.

ಗೇರ್ ಕೋಲು ಸ್ಟೇರಿಂಗ್ ಪಕ್ಕದಲ್ಲಿದೆ. ಅಲ್ಲಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಎಷ್ಟೊಂದು ದೂರ, ಸಡಿಲ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಎರಡರಿಂದ ಮೂರಕ್ಕೆ ಬೆರಳಲ್ಲೇ ಹೋಗುತ್ತದೆ. ಕಾರಣ ಇದೆ: ಕ್ಲಚ್ ಹಿಂದೆ ಇರುವುದರಿಂದ ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಭಾರ ಸಿಂಕ್ರೊ ಉಂಗುರಗಳ (ಗೇರ್ ಬದಲಿಸುವಾಗ ಹಲ್ಲುಚಕ್ರಗಳ ವೇಗವನ್ನು ಹೊಂದಿಸುವ ಉಂಗುರಗಳು) ಮೇಲೆ ಬೀಳುವುದಿಲ್ಲ. ಬದಲಿಗೆ ಆ ಶಾಫ್ಟು ಎಂಜಿನ್ ಜೊತೆಗೇ ಸದಾ ತಿರುಗುತ್ತಿರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಪಾದದ ಕೆಳಗೆ ಅದರ ಸಣ್ಣ ಅದುರು ಗೊತ್ತಾಗುತ್ತದೆ. ನನಗಂತೂ ಅದು ತುಂಬಾ ಇಷ್ಟವಾಯಿತು. ಮೊದಲನೇ ಗೇರಿಗೆ ಮಾತ್ರ ಸಿಂಕ್ರೊ ಇಲ್ಲ, ಪೂರ್ತಿ ನಿಂತ ಮೇಲೇ ಹಾಕಬೇಕು.

ಎಂಜಿನ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 1950ರ ಔರೇಲಿಯಾ ಸೆಡಾನಿನಲ್ಲಿ ಬಂದದ್ದು ಜಗತ್ತಿನಲ್ಲೇ ಕಾರ್ಖಾನೆಯಿಂದ ಸಾಲಾಗಿ ಹೊರಬಂದ ಮೊದಲ ವಿ6, ಅಂದರೆ ಆರು ಸಿಲಿಂಡರುಗಳು ವಿ ಆಕಾರದಲ್ಲಿ ಎರಡು ಸಾಲಾಗಿ ಕೂತ ಎಂಜಿನ್. ಲಾಂಚಾದ ಎಂಜಿನಿಯರ್ ವಿತ್ತೋರಿಯೊ ಯಾನೊ ಮೇಲುಸ್ತುವಾರಿಯಲ್ಲಿ ಅಲ್ಲಿನದೇ ಎಂಜಿನಿಯರ್ ಫ್ರಾನ್ಚೆಸ್ಕೊ ದೆ ವಿರ್ಜಿಲಿಯೊ ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿದ್ದು. ಸಿಲಿಂಡರ್ ಸಾಲುಗಳ ನಡುವೆ 60 ಡಿಗ್ರಿ ಕೋನ, ಅಲ್ಯೂಮಿನಿಯಂ ಬ್ಲಾಕು. ಬಿ20ಯಲ್ಲಿ ಮೊದಲು 2 ಲೀಟರ್ ಇತ್ತು, 1953ರಿಂದ ಎರಡೂವರೆ ಲೀಟರ್ ಆಯಿತು. ಕೆಳಗಿನ ವೇಗದಲ್ಲೇ ಎಳೆತ ಜಾಸ್ತಿ. ತಿರುವಿನಿಂದ ಹೊರಬರುವಾಗ ಗೇರ್ ಇಳಿಸದೆ ಸುಮ್ನೆ ಕಾಲು ಒತ್ತಿದರೆ ಸಾಕು, ಹತ್ತಿಬಿಡುತ್ತದೆ.

ತಿರುವುಗಳಲ್ಲೇ ಈ ಕಾರಿನ ನಿಜವಾದ ಬೆಲೆ ತಿಳಿಯುವುದು. ತೂಕ ಮುಂದೆ ಹಿಂದೆ ಸರಿಯಾಗಿ ಹಂಚಿಹೋಗಿದೆ, ಮೂತಿ ಹೊರಕ್ಕೆ ಜಾರುವುದಿಲ್ಲ. ಮೊದಲ ಸರಣಿಗಳಲ್ಲಿ ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡುತ್ತಿದ್ದವು. 1954ರ ನಾಲ್ಕನೇ ಸರಣಿಯಿಂದ ಎರಡೂ ಹಿಂದಿನ ಚಕ್ರಗಳನ್ನು ಒಂದು ಕೊಳವೆಯಿಂದ ಜೋಡಿಸುವ ದೆ ದಿಯೋನ್ ಆಕ್ಸಲ್ ಬಂತು, ಹಿಂಬದಿಯ ಚಂಚಲತೆ ಕಡಿಮೆಯಾಯಿತು. 1951ರ ಮಿಲ್ಲೆ ಮಿಲ್ಯಾದಲ್ಲಿ, ಅಂದರೆ ಇಟಲಿಯ ರಸ್ತೆಗಳ ಮೇಲೆ ನಡೆಯುತ್ತಿದ್ದ ದೂರದ ರೇಸಿನಲ್ಲಿ, ಚಾಲಕರಾದ ಬ್ರಾಕೊ ಮತ್ತು ಮಾಲ್ಯೋಲಿ 2 ಲೀಟರ್ ಬಿ20ಯಲ್ಲಿ ಒಟ್ಟಾರೆ ಎರಡನೇ ಸ್ಥಾನ ಪಡೆದರು. ಅವರ ಮುಂದೆ ಇದ್ದದ್ದು 4.1 ಲೀಟರಿನ ಫೆರಾರಿ ಒಂದೇ. ಬರೀ ಎಂಜಿನ್ ಶಕ್ತಿಯಿಂದ ಆಗುವ ಕೆಲಸ ಅಲ್ಲ ಅದು, ಅಲ್ವಾ?

ಒಳಗೆ ಸೀಟಿಗೆ ಚರ್ಮದ ಬದಲು ಲಾಂಚಾದವರ ಹೆಸರಾಂತ ಉಣ್ಣೆ ಬಟ್ಟೆ. ತಿರುವಿನಲ್ಲಿ ಮೈ ಜಾರುವುದಿಲ್ಲ. ಇಬ್ಬರು ದೊಡ್ಡವರಿಗೆ ಆರಾಮ, ಹಿಂದಿನ ಸೀಟು ಮಕ್ಕಳಿಗೆ ಅಥವಾ ಚೀಲಗಳಿಗೆ.

ತೊಂದರೆಗಳೂ ಇವೆ. ನಿಲ್ಲಿಸುವಾಗ ಸ್ಟೇರಿಂಗ್ ಭಾರ. ಊರೊಳಗಿನ ಟ್ರಾಮ್ ಹಳಿಗಳ ಮೇಲೆ ಮುಂದಿನ ಸಸ್ಪೆನ್ಷನ್ ಕುಲುಕುತ್ತದೆ, ವೇಗ ಹೆಚ್ಚಿದಾಗಲೇ ಸರಿಹೋಗುವುದು. ಗುಡ್ಡ ಇಳಿಯುವಾಗ ಡ್ರಮ್ ಬ್ರೇಕನ್ನೇ ನಂಬದೆ ಗೇರಿನಲ್ಲಿ ತಡೆದು ಇಳಿಸಬೇಕು. ಆ ಹಿಂದಿನ ಡ್ರಮ್ಮುಗಳು ಒಳಗಡೆ ಇರುವುದರಿಂದ ಬ್ರೇಕ್ ಶೂ (ಡ್ರಮ್ಮಿಗೆ ಒತ್ತಿ ತಡೆಯುವ ಭಾಗ) ಬದಲಿಸುವುದು ದೊಡ್ಡ ಕೆಲಸ, ಮೆಕ್ಯಾನಿಕ್‌ನ ಕೂಲಿಯೂ ಅದಕ್ಕೆ ತಕ್ಕಂತೆ.

ಒಳ್ಳೆಯ ಸ್ಥಿತಿಯ ಗಾಡಿಗೆ ಲಕ್ಷ ಯೂರೋ ಮೀರಿಯೇ ಕೇಳುತ್ತಾರೆ. ಕೊಳ್ಳುವ ಶಕ್ತಿ ಇದ್ದವರು ಬಣ್ಣದ ಹೊಳಪಿಗೆ ಮರುಳಾಗಬೇಡಿ. ಇದಕ್ಕೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತದೆ. ಬಾಗಿಲ ಕೆಳಗಿನ ಅಂಚು ತುಕ್ಕು ಹಿಡಿದಿದ್ದರೆ ಬಿಟ್ಟುಬಿಡಿ. ಹಗುರ ಗಾಡಿ, ರೇಸಿನ ರುಚಿ ಬೇಕಾದವರಿಗೆ ಮೊದಲೆರಡು ಸರಣಿಗಳು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ನಾಲ್ಕನೆಯದು. ನನ್ನನ್ನು ಕೇಳಿದರೆ ನಾಲ್ಕನೆಯದೇ.