ಪರ್ಪಲ್ ಮಾರ್ಟಿನ್‌ಗಳಿಗೆಂದು ಕೊಂಡ ಹನ್ನೆರಡು ಕೋಣೆಯ ಮನೆ: ಎರಡು ಹಂಗಾಮಿನ ನಂತರ

ಓಹಿಯೊದ ನಮ್ಮ ಹಿತ್ತಲಿನಲ್ಲಿ ನಿಲ್ಲಿಸಲೆಂದು ಈ ಅಲ್ಯೂಮಿನಿಯಂ ಹಕ್ಕಿಮನೆಯನ್ನು ಕಂಬದ ಸಮೇತ ಕೊಂಡು ಎರಡು ಹಂಗಾಮು ಕಳೆದಿವೆ. ಮೊದಲ ವರ್ಷದ ಕೊನೆಯಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಒಂದು ನಕ್ಷತ್ರ ಕೊಡಲೂ ಕೈ ಬರುತ್ತಿರಲಿಲ್ಲ. ಈಗ ಮೂರೂವರೆ ಕೊಡಬಹುದು ಎನ್ನಿಸುತ್ತದೆ, ಆದರೆ ಹೆಚ್ಚಾದ ಎರಡೂವರೆಯಲ್ಲಿ ತಯಾರಕರ ಪಾಲಿಗಿಂತ ನಾವು ಮಾಡಿಕೊಂಡ ತಿದ್ದುಪಡಿಗಳ ಪಾಲೇ ದೊಡ್ಡದು.

ಹಕ್ಕಿಯ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಪರ್ಪಲ್ ಮಾರ್ಟಿನ್ ಉತ್ತರ ಅಮೆರಿಕದ ಕವಲುತೋಕೆಗಳಲ್ಲೆಲ್ಲ ದೊಡ್ಡದು, ಉದ್ದ ಸುಮಾರು 20 ಸೆಂಟಿಮೀಟರ್. ಬೆಳೆದ ಗಂಡು ಬಿಸಿಲಿಗೆ ಕಡುನೀಲಿ-ನೇರಳೆಯಾಗಿ ಹೊಳೆಯುತ್ತದೆ, ನೆರಳಿನಲ್ಲಿ ಬರೀ ಕಪ್ಪಾಗಿ ಕಾಣುತ್ತದೆ. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ, ಮುಖ್ಯವಾಗಿ ಬ್ರೆಜಿಲ್‌ನಲ್ಲಿ ಕಳೆದು ವಸಂತದಲ್ಲಿ ಮರಳುವ ಈ ಹಕ್ಕಿಗಳು ರಾಕಿ ಪರ್ವತಗಳ ಪೂರ್ವಕ್ಕೆ ಹೆಚ್ಚುಕಡಿಮೆ ಸಂಪೂರ್ಣವಾಗಿ ಮನುಷ್ಯರು ಒದಗಿಸಿದ ಗೂಡುಗಳನ್ನೇ ನೆಚ್ಚಿಕೊಂಡಿವೆ. ಯುರೋಪಿಯನ್ನರು ಬರುವುದಕ್ಕೂ ಮೊದಲೇ ಚೊಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿ ಜನರು ಒಣಗಿದ ಸೋರೆಬುರುಡೆಗಳನ್ನು ಕಂಬಕ್ಕೆ ತೂಗುಹಾಕಿ ಇವುಗಳನ್ನು ಕರೆಸಿಕೊಳ್ಳುತ್ತಿದ್ದರಂತೆ. ಅಂದರೆ ಜನ ಮನೆ ಕಟ್ಟಿಕೊಡದಿದ್ದರೆ ಇವು ಗೂಡು ಮಾಡಲು ಬೇರೆ ಜಾಗವೇ ಹೆಚ್ಚು ಉಳಿದಿಲ್ಲ. ಆದ್ದರಿಂದ ಇಂಥ ಸರಕನ್ನು ಹಿತ್ತಲಿನ ಅಲಂಕಾರವೆಂದು ತೂಗಿ ನೋಡಿದರೆ ಸಾಲದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಈ ಸರಕಿನ ಜೀವಾಳ ಕಂಬ. ಸುಮಾರು 14 ಅಡಿ ಎತ್ತರದ ಇದಕ್ಕೆ ರಾಟೆಯೂ ಕೈಯಿಂದ ತಿರುಗಿಸುವ ಹಿಡಿಯೂ ಇದ್ದು, ಮನೆ ಲಿಫ್ಟಿನಂತೆ ನೇರವಾಗಿ ಇಳಿದು ನೇರವಾಗಿಯೇ ಏರುತ್ತದೆ. ಬುಡದಲ್ಲಿ ಮಡಚಿ ಮಲಗಿಸುವ ಅಗ್ಗದ ಕಂಬಗಳಲ್ಲಿ ಮನೆ ವಾಲಿದಾಗ ಮೊಟ್ಟೆಗಳು ಉರುಳಿ ಒಡೆಯುತ್ತವೆ, ಇಲ್ಲಿ ಆ ಭಯವಿಲ್ಲ. ಐದಾರು ದಿನಕ್ಕೊಮ್ಮೆ ಗೂಡುಗಳನ್ನು ಇಳಿಸಿ ನೋಡುವುದು ಈ ಹಕ್ಕಿಗಳನ್ನು ಸಾಕುವವರ ವಾಡಿಕೆ, ಸ್ವಲ್ಪ ಹೊತ್ತು ಇಳಿಸಿದ ಮಾತ್ರಕ್ಕೆ ತಾಯಿ ಹಕ್ಕಿ ಗೂಡು ಬಿಡುವುದಿಲ್ಲ. ಆದರೆ ಮತ್ತೆ ಏರಿಸುವಾಗ ಮನೆ ಮೊದಲಿನ ದಿಕ್ಕಿಗೇ ಮುಖ ಮಾಡಿರಬೇಕು, ಏಕೆಂದರೆ ಹಕ್ಕಿ ತನ್ನ ಕೋಣೆಯನ್ನು ಗುರುತು ಹಿಡಿಯುವುದು ಅದಿರುವ ಜಾಗದಿಂದ. ಕಂಬದ ಮೇಲೆ ಇದಕ್ಕೊಂದು ಗುರುತಾದರೂ ಬೇಕಿತ್ತು, ಇಲ್ಲ. ಒಮ್ಮೆ ನಾನು ಕಾಲು ಸುತ್ತು ತಪ್ಪಿಸಿ ಏರಿಸಿದ್ದಕ್ಕೆ ಬಾಯಲ್ಲಿ ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ಬಂದ ಹೆಣ್ಣು ಖಾಲಿ ಕೋಣೆಯ ಬಾಗಿಲಿಗೆ ಮೂರು ಸಲ ಬಂದು, ಮೂರು ಸಲವೂ ಹಾಗೇ ಹಾರಿಹೋಯಿತು. ಅಂದೇ ಮನೆಯ ತಳದಲ್ಲೂ ಕಂಬದ ಮೇಲೂ ಕೆಂಪು ಬಣ್ಣದಲ್ಲಿ ಒಂದೊಂದು ಗೆರೆ ಎಳೆದೆ.

ಬಿಳಿಯ ಬಣ್ಣ ಸರಿಯಾದ ಆಯ್ಕೆ, ಜುಲೈನ ಬಿಸಿಲಿಗೂ ಒಳಗೆ ಮರಿಗಳು ಬೇಯಲಿಲ್ಲ. ಜೋಡಣೆಗೆ ಇಡೀ ಒಂದು ಭಾನುವಾರ ಹಿಡಿಯಿತು, ತಗಡಿನ ಅಂಚುಗಳು ಹರಿತವಾಗಿರುವುದರಿಂದ ಕೈಗವಸು ಬೇಕೇ ಬೇಕು.

ಇನ್ನು ದೂರು. ಎರಡು ಅಂತಸ್ತಿನ ಈ ಮನೆಯ ಹನ್ನೆರಡು ಕೋಣೆಗಳಲ್ಲಿ ಪ್ರತಿಯೊಂದೂ ಆರಂಗುಲ ಉದ್ದ, ಆರಂಗುಲ ಅಗಲ. ಇದು ಹಳೆಯ ಕಾಲದ ಅಳತೆ. ಇಷ್ಟು ಗಿಡ್ಡ ಕೋಣೆಯಲ್ಲಿ ಗೂಡು ಬಾಗಿಲಿಗೇ ಅಂಟಿಕೊಂಡಿರುತ್ತದೆ, ಮಳೆಯ ಎರಚಲು ನೇರ ಮರಿಗಳ ಮೇಲೆ ಬೀಳುತ್ತದೆ, ಗೂಬೆಗೆ ಕಾಲು ಚಾಚಿದರೆ ಮರಿ ಸಿಗುತ್ತದೆ. ಅನುಭವಿಗಳು ಹನ್ನೆರಡು ಅಂಗುಲ ಆಳದ ಕೋಣೆಯನ್ನೇ ಹೇಳುತ್ತಾರೆ. ಕೊನೆಗೆ ನಾವು ಹಿಂದುಮುಂದಿನ ಕೋಣೆಗಳ ನಡುವಿನ ತಗಡನ್ನು ಕತ್ತರಿಸಿ, ಒಂದು ಕಡೆಯ ಬಾಗಿಲುಗಳನ್ನು ಮುಚ್ಚಿ, ಹನ್ನೆರಡನ್ನು ಆರು ಮಾಡಿಕೊಂಡೆವು. ಹನ್ನೆರಡು ಕೋಣೆಗೆ ಹಣ ಕೊಟ್ಟು ಆರನ್ನು ಬಳಸುವುದು ಯಾರಿಗೂ ರುಚಿಸುವ ಮಾತಲ್ಲ.

ಬಾಗಿಲಿನ ವಿಷಯ ಇದಕ್ಕಿಂತ ಗಂಭೀರ. ಮನೆಯ ಜೊತೆಗೆ ಬಂದದ್ದು ಎರಡಂಗುಲಕ್ಕಿಂತ ತುಸು ಹೆಚ್ಚಿನ ದುಂಡು ಕಿಂಡಿ, ಅದರಲ್ಲಿ ಸ್ಟಾರ್ಲಿಂಗ್ ಸಲೀಸಾಗಿ ನುಗ್ಗುತ್ತದೆ. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಯುರೋಪಿನಿಂದ ತಂದು ಬಿಟ್ಟ ಈ ಹಕ್ಕಿಯ ಸಂತತಿ ಈಗ ದೇಶದ ತುಂಬ ಹರಡಿದೆ. ಅದು ಮಾರ್ಟಿನ್ ಗೂಡಿಗೆ ಹೊಕ್ಕರೆ ಮೊಟ್ಟೆ ಒಡೆಯುತ್ತದೆ, ಮರಿಗಳನ್ನು ಕೊಲ್ಲುತ್ತದೆ, ಕೆಲವೊಮ್ಮೆ ದೊಡ್ಡ ಹಕ್ಕಿಯನ್ನೂ ಬಿಡುವುದಿಲ್ಲ. ಇದಕ್ಕೆ ಮದ್ದು ಅರ್ಧಚಂದ್ರಾಕಾರದ ಕಿಂಡಿ. ಮೂರಂಗುಲ ಅಗಲ, ಒಂದಂಗುಲ ಚಿಲ್ಲರೆ ಎತ್ತರವಿದ್ದು ಕೋಣೆಯ ನೆಲಕ್ಕೆ ತಾಗಿದಂತಿರುವ ಆ ಕಿಂಡಿಯಲ್ಲಿ ಗಿಡ್ಡಕಾಲಿನ ಮಾರ್ಟಿನ್ ಹೊಟ್ಟೆ ಎಳೆದುಕೊಂಡು ಒಳಗೆ ಸರಿಯುತ್ತದೆ, ಎದೆ ದಪ್ಪವಿರುವ ಸ್ಟಾರ್ಲಿಂಗ್ ಸಿಕ್ಕಿಕೊಳ್ಳುತ್ತದೆ. ಆ ಬಾಗಿಲುಗಳನ್ನು ಇದೇ ಅಂಗಡಿ ಬೇರೆಯಾಗಿ ಮಾರುತ್ತದೆ. ಮೊದಲೇ ಕೂಡಿಸಿ ಕೊಡಬಾರದಿತ್ತೇ?

ಆದರೆ ಯಾವ ಕಿಂಡಿಯೂ ಗುಬ್ಬಿಯನ್ನು ತಡೆಯುವುದಿಲ್ಲ. ಮೊದಲ ವರ್ಷ ಮಾರ್ಚ್ ತಿಂಗಳಲ್ಲೇ ಎಲ್ಲ ಬಾಗಿಲು ತೆರೆದಿಟ್ಟದ್ದು ನಮ್ಮದೇ ತಪ್ಪು, ಹದಿನೈದು ದಿನದಲ್ಲಿ ಏಳು ಕೋಣೆಗಳಲ್ಲಿ ಗುಬ್ಬಿ ಸಂಸಾರ ಹೂಡಿತ್ತು. ಗುಬ್ಬಚ್ಚಿ ಕಾಣೆಯಾಯಿತೆಂದು ಮರುಗುವ ಕನ್ನಡದ ಮನಸ್ಸಿಗೆ ಅದರ ಗೂಡನ್ನು ಕಿತ್ತೆಸೆಯುವುದು ಸಂಕಟದ ಕೆಲಸ. ಆದರೆ ಇಲ್ಲಿ ಅದು ಹೊರಗಿನಿಂದ ಬಂದು ಮಾರ್ಟಿನ್‌ನ ಮೊಟ್ಟೆಗಳನ್ನು ಕುಕ್ಕಿ ಒಡೆಯುವ ಹಕ್ಕಿ, ಅದಕ್ಕೂ ಸ್ಟಾರ್ಲಿಂಗ್‌ಗೂ ವಲಸೆ ಹಕ್ಕಿಗಳನ್ನು ಕಾಯುವ 1918ರ ಕಾಯಿದೆಯ ರಕ್ಷಣೆಯಿಲ್ಲ, ಮಾರ್ಟಿನ್‌ಗೆ ಇದೆ. ಎರಡನೆಯ ವರ್ಷ ಬಾಗಿಲುಗಳನ್ನು ಮುಚ್ಚಿಟ್ಟೇ ಕಾದೆವು, ಆಕಾಶದಲ್ಲಿ ಮಾರ್ಟಿನ್‌ಗಳು ಕಂಡ ಮೇಲೆಯೇ ತೆರೆದು, ಗುಬ್ಬಿ ತಂದಿಟ್ಟ ಹುಲ್ಲನ್ನು ದಿನವೂ ತೆಗೆದೆವು.

ಪೆಟ್ಟಿಗೆಯ ಮೇಲಿರುವ 'ದಿನಕ್ಕೆ 2000 ಸೊಳ್ಳೆ ತಿನ್ನುತ್ತದೆ' ಎಂಬ ಮಾತನ್ನು ನಂಬಿ ಯಾರೂ ಕೊಳ್ಳಬೇಡಿ. ಮಾರ್ಟಿನ್ ಹಗಲಿನಲ್ಲಿ, ಬಹಳ ಎತ್ತರದಲ್ಲಿ ಬೇಟೆಯಾಡುತ್ತದೆ. ಸೊಳ್ಳೆ ಕತ್ತಲಾದ ಮೇಲೆ ನಮ್ಮ ಕಣಕಾಲಿನ ಸುತ್ತ ಇರುತ್ತದೆ. ಜಾಗದ ಬಗ್ಗೆ ಕೈಪಿಡಿಯಲ್ಲಿ ಇರುವುದು ಒಂದೇ ಸಾಲು: 'ತೆರೆದ ಸ್ಥಳದಲ್ಲಿ ನಿಲ್ಲಿಸಿ.' ಎಷ್ಟು ತೆರೆದಿರಬೇಕು ಎಂಬುದೇ ಇಲ್ಲಿ ಮುಖ್ಯ. ಮರಗಳಿಂದ ಕನಿಷ್ಠ 40 ಅಡಿ ದೂರ, ಮನುಷ್ಯರ ಮನೆಯಿಂದ ಸುಮಾರು 100 ಅಡಿಯೊಳಗೆ ಇರಬೇಕು. ಮನೆಯ ಹತ್ತಿರವಿದ್ದಷ್ಟೂ ಗಿಡುಗ, ಗೂಬೆಗಳ ಕಾಟ ಕಡಿಮೆ. ನಾವು ಮೊದಲು ಮೇಪಲ್ ಮರದ ಪಕ್ಕದಲ್ಲಿ ನಿಲ್ಲಿಸಿದ್ದೆವು, ಮರುವರ್ಷ ಹುಲ್ಲುಹಾಸಿನ ನಡುವೆ ಮತ್ತೆ ಕಾಂಕ್ರೀಟು ಹಾಕಿಸಬೇಕಾಯಿತು. ಹಾವು, ರಕೂನ್ ಹತ್ತದಂತೆ ಕಂಬಕ್ಕೆ ಸುತ್ತುವ ತಗಡಿನ ಕೊಳವೆಯನ್ನೂ ಬೇರೆಯೇ ಕೊಳ್ಳಬೇಕು.

ಕಳೆದ ಮೇ ತಿಂಗಳ ನಡುವಿನಲ್ಲಿ, ಎದೆಯ ಮೇಲೆ ಅಲ್ಲಲ್ಲಿ ನೇರಳೆ ಗರಿ ಮೂಡಿದ್ದ, ಹಿಂದಿನ ವರ್ಷ ಹುಟ್ಟಿದ ಒಂದು ಗಂಡು ಬಂದು ಚಾವಣಿಯ ಮೇಲೆ ಕೂತಿತು. ದೊಡ್ಡ ಹಕ್ಕಿಗಳು ತಮ್ಮ ಹಳೆಯ ತಾಣಕ್ಕೇ ಮರಳುವುದರಿಂದ ಹೊಸ ಮನೆಗೆ ಸಾಮಾನ್ಯವಾಗಿ ಬರುವುದು ಇಂಥ ಎಳೆಯವೇ, ಅದೂ ತಡವಾಗಿ. ಏಪ್ರಿಲ್ ಕಳೆಯಿತೆಂದು ಆಸೆ ಬಿಟ್ಟು ಬಾಗಿಲು ಮುಚ್ಚಿದವರು ಇವನ್ನು ಕಳೆದುಕೊಳ್ಳುತ್ತಾರೆ. ಜೂನ್ ಹೊತ್ತಿಗೆ ಎರಡು ಜೋಡಿ ನೆಲೆಸಿ, ಗೂಡಿನ ಒಳಗೆ ಹಸಿರೆಲೆ ಹಾಸಿ, ಒಂದರಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು ಬಿಳಿಯ ಮೊಟ್ಟೆಗಳನ್ನಿಟ್ಟವು. ಒಟ್ಟು ಏಳು ಮರಿಗಳು ಹಾರಿದವು.

ತೆರೆದ ಅಂಗಳವೂ ದಿನಕ್ಕೆ ಹತ್ತು ನಿಮಿಷದ ಬಿಡುವೂ ಇರುವವರು ಕಂಬಕ್ಕಾಗಿ ಇದನ್ನು ಕೊಳ್ಳಬಹುದು. ಸುತ್ತ ಎತ್ತರದ ಮರಗಳಿದ್ದವರಿಗೆ ಇದು ದುಬಾರಿಯ ಗುಬ್ಬಿಗೂಡಾಗುತ್ತದೆ, ಅಷ್ಟೆ. ಕೊಳ್ಳುವವರು ರಾಟೆಯ ನೈಲಾನ್ ಹಗ್ಗವನ್ನು ಮೊದಲ ದಿನವೇ ತೆಗೆದು ಉಕ್ಕಿನ ತಂತಿಹಗ್ಗ ಹಾಕಿಸಿಕೊಳ್ಳಿ; ನಮ್ಮದು ಎರಡೇ ತಿಂಗಳಲ್ಲಿ ಗಾಲಿಯ ಅಂಚಿಗೆ ತಿಕ್ಕಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು, ಆಗ ಮನೆ ಖಾಲಿಯಿದ್ದುದು ನಮ್ಮ ಪುಣ್ಯ.