ಕೆಫ್ರೀ, ಡೆವ್‌ಎಂ, ಕ್ಲೀನಪ್, ಕೆರೆಫ್: ಮಳೆಮಾಪಕದ ಡ್ರೈವರ್‌ನಲ್ಲಿ ನಾಲ್ಕನ್ನೂ ಹಾಕಿ ನೋಡಿದೆ

ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಲೆಕ್ಕ ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು). ಕಳೆದ ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ನಾನು ಜಗಲಿ ಪಕ್ಕ ಇನ್ನೊಂದು ಮಳೆಮಾಪಕ ಇಟ್ಟೆ. 0.2 ಮಿಲಿಮೀಟರ್ ಮಳೆ ಬಿದ್ದಾಗಲೆಲ್ಲ ಅದರೊಳಗಿನ ಪುಟ್ಟ ಬಟ್ಟಲು ಮಗುಚುತ್ತದೆ. ಆ ಎಣಿಕೆ ಯುಎಸ್‌ಬಿ ಕೇಬಲ್‌ನಲ್ಲಿ ಮನೆಯೊಳಗಿನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಬರುತ್ತದೆ. ಅದರ ಲಿನಕ್ಸ್ ಡ್ರೈವರ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಕೂತು ಸಾಧನದ ಜೊತೆ ಮಾತಾಡುವ ತುಣುಕು, ನಾನೇ ಬರೆದೆ. ತಗೊಂಡ ಮೆಮೊರಿಯನ್ನು ಅದು ವಾಪಸ್ ಬಿಡೋದಕ್ಕೆ ಇರುವ ದಾರಿಗಳೇ ಮೇಲಿನ ಆ ನಾಲ್ಕು.

ಸಾಮಾನ್ಯ ಪ್ರೋಗ್ರಾಂ ಮೆಮೊರಿ ವಾಪಸ್ ಕೊಡೋದು ಮರೆತರೂ ಅದು ಮುಗಿದಾಗ ಕರ್ನಲ್ ಎಲ್ಲ ಕಿತ್ತುಕೊಳ್ಳುತ್ತದೆ. ಕರ್ನಲ್ಲೇ ಮರೆತರೆ? ರೀಬೂಟ್ ಆಗುವವರೆಗೆ ಆ ಜಾಗ ಹೋದಂತೆಯೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಬೇಕಾದ ಯಂತ್ರಕ್ಕೆ ಇದು ಸಣ್ಣ ವಿಷಯ ಅಲ್ಲ.

ಮೊದಲು ಹಳೇ ದಾರಿ ಹಿಡಿದೆ. ಕೆಮ್ಯಾಲಾಕ್‌ನಿಂದ ಮೆಮೊರಿ ತಗೊಳ್ಳೋದು, ಕೆಫ್ರೀಯಿಂದ ಬಿಡೋದು, ನಡುವೆ ಏನಾದರೂ ಕೈಕೊಟ್ಟರೆ ಗೋಟೂ ಹಾಕಿ, ಬಿಡುವ ಸಾಲುಗಳು ಶುರುವಾಗುವ ಕೆಳಗಿನ ಲೇಬಲ್‌ಗೆ ಹಾರೋದು. ತಗೊಂಡ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಬಿಡಬೇಕು. ಎಲ್ಲವೂ ಕಣ್ಣೆದುರೇ ಇರುತ್ತದೆ, ಅದು ನನಗೆ ಇಷ್ಟ. ಆದರೆ ನಾನು ಒಂದು ಗೋಟೂವನ್ನು ತಪ್ಪು ಲೇಬಲ್‌ಗೆ ಕಳಿಸಿದ್ದೆ. ಬಿಡದೆ ಉಳಿದ ಮೆಮೊರಿ ಹುಡುಕುವ ಕೆಮೆಮ್‌ಲೀಕ್ ಆನ್ ಮಾಡಿ, ಸಾಧನ ಶುರುವಾಗುವಾಗ ಬೇಕಂತಲೇ ಸೋಲಿಸಿದೆ. 128 ಬೈಟಿನ ಒಂದು ತುಂಡು ಯಾರ ಕೈಯಲ್ಲೂ ಇಲ್ಲದೆ ಉಳಿದಿದೆ ಅಂತ ವರದಿ ಬಂತು, ಜೊತೆಗೆ ಸಾಧನ ಸಿಕ್ಕಾಗ ಓಡುವ ನನ್ನ ಪ್ರೋಬ್ ಫಂಕ್ಷನ್‌ನ ಹೆಸರು. ನಾನು ಕೇಳಿದ್ದು 100 ಬೈಟ್. ಕರ್ನಲ್ ನಿಗದಿತ ಅಳತೆಯ ಡಬ್ಬಿಗಳಿಂದಲೇ ಕೊಡುವುದರಿಂದ 128 ಆಗಿತ್ತು.

ಆಮೇಲೆ ಡೆವ್‌ಎಂ. 2007ರಿಂದ ಕರ್ನಲ್‌ನಲ್ಲಿದೆ. ಮೆಮೊರಿಯನ್ನು ಸಾಧನಕ್ಕೇ ಕಟ್ಟಿಬಿಡುತ್ತದೆ. ಪ್ರೋಬ್ ಸೋತರೆ ಅಥವಾ ಸಾಧನ ಕಿತ್ತರೆ ತಾನಾಗಿಯೇ ಉಲ್ಟಾ ಕ್ರಮದಲ್ಲಿ ಬಿಡುತ್ತದೆ. ಗೋಟೂಗಳೆಲ್ಲ ಮಾಯವಾದವು. ಇದೇ ಸಾಕು ಅಂದುಕೊಂಡೆ.

ಒಂದು ರಾತ್ರಿ ಗಾಳಿಗೆ ಕೇಬಲ್ ಕಿತ್ತು ಬಂತು. ಬೆಳಿಗ್ಗೆ ಅಪ್ಪ, "ನಿನ್ನ ಪೆಟ್ಟಿಗೆ ಯಾಕೋ ಸುಮ್ನೆ ಕೂತಿದೆ ನೋಡು" ಅಂದರು. ಪೈ ಪೂರ್ತಿ ನಿಂತುಹೋಗಿತ್ತು. ಮೇಜಿನ ಮೇಲಿಟ್ಟು, ಸ್ಲಬ್ (ಕರ್ನಲ್‌ನಲ್ಲಿ ಮೆಮೊರಿ ಹಂಚುವ ಭಾಗ) ಡೀಬಗ್ ಹಾಕಿ ಮತ್ತೆ ಕೇಬಲ್ ಎಳೆದೆ. ಕ್ರ್ಯಾಶ್ ಲಾಗ್‌ನಲ್ಲಿ ವಿಳಾಸ ಇರಬೇಕಾದ ಕಡೆ 6ಬಿ6ಬಿ6ಬಿ6ಬಿ. ಬಿಟ್ಟ ಮೆಮೊರಿಗೆ ಸ್ಲಬ್ ತುಂಬುವ ಗುರುತು ಅದು. ಅಂದರೆ ಬಿಟ್ಟುಕೊಟ್ಟ ಜಾಗವನ್ನೇ ಯಾರೋ ಓದುತ್ತಿದ್ದಾರೆ. ಯಾರು ಅನ್ನೋದನ್ನು ಮೆಮೊರಿ ಬಳಕೆಯ ತಪ್ಪು ಹಿಡಿಯುವ ಕೇಸನ್ ಹೇಳಿತು: ತಗೊಂಡವರು, ಬಿಟ್ಟವರು, ಬಿಟ್ಟ ಮೇಲೆ ಮುಟ್ಟಿದವರು, ಮೂವರ ಜಾಡೂ ಒಂದೇ ವರದಿಯಲ್ಲಿ.

ನಡೆದದ್ದು ಇಷ್ಟು. ಮಳೆ ದಾಖಲಿಸುವ ಪ್ರೋಗ್ರಾಂ ಸಾಧನದ ಫೈಲ್ ತೆರೆದುಕೊಂಡು, ಮುಂದಿನ ಎಣಿಕೆಗೆ ಕಾಯುತ್ತಾ ನನ್ನ ರೀಡ್ ಫಂಕ್ಷನ್ ಒಳಗೆ ಮಲಗಿತ್ತು. ಕೇಬಲ್ ಹೋಯಿತು, ಡ್ರೈವರ್‌ನ ಡಿಸ್‌ಕನೆಕ್ಟ್ ಫಂಕ್ಷನ್ ಮುಗಿಯಿತು, ಡೆವ್‌ಎಂ ಮೆಮೊರಿ ಬಿಟ್ಟಿತು. ಎದ್ದ ರೀಡ್ ಅದೇ ಮೆಮೊರಿಗೆ ಕೈ ಹಾಕಿತು. ಡೆವ್‌ಎಂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೆ ಸಾಧನದ ಆಯಸ್ಸು ಬೇರೆ, ತೆರೆದ ಫೈಲಿನ ಆಯಸ್ಸು ಬೇರೆ ಅಲ್ವಾ? ಡೆವ್‌ಎಂಗೆ ಗೊತ್ತಿರೋದು ಮೊದಲನೆಯದು ಮಾತ್ರ.

ಕ್ಲೀನಪ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಕರ್ನಲ್‌ನ 2023ರ 6.5 ಆವೃತ್ತಿಯಲ್ಲಿ ಬಂತು. ವೇರಿಯಬಲ್‌ಗೆ ಗುರುತು ಹಾಕಿದರೆ ಫಂಕ್ಷನ್‌ನಿಂದ ಹೊರಬರುವಾಗ ತಾನೇ ಕೆಫ್ರೀ ಆಗುತ್ತದೆ. ತಾತ್ಕಾಲಿಕ ಬಫರ್‌ಗೆ ಇದಕ್ಕಿಂತ ಚೆಂದದ್ದು ಇಲ್ಲ. ಪಾಯಿಂಟರ್ (ಆ ಮೆಮೊರಿಯ ವಿಳಾಸ) ಬೇರೆಯವರಿಗೆ ಒಪ್ಪಿಸುವಾಗ ಮಾತ್ರ "ಇದನ್ನು ಬಿಡಬೇಡ" ಅಂತ ನಾವೇ ಹೇಳಬೇಕು.

ಕೊನೆಗೆ ಡ್ರೈವರ್‌ನ ಮಾಹಿತಿ ಇರುವ ಮುಖ್ಯ ಸ್ಟ್ರಕ್ಟ್‌ಗೆ ಕೆರೆಫ್ ಹಾಕಿದೆ. ಅದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಅಂತ ಎಣಿಸುವುದೇ ಕೆರೆಫ್ ಕೆಲಸ. ಪ್ರೋಬ್‌ನಲ್ಲಿ ಎಣಿಕೆ ಒಂದು. ಫೈಲ್ ತೆರೆದರೆ ಒಂದು ಜಾಸ್ತಿ, ಮುಚ್ಚಿದರೆ ಒಂದು ಕಮ್ಮಿ, ಡಿಸ್‌ಕನೆಕ್ಟ್‌ನಲ್ಲೂ ಒಂದು ಕಮ್ಮಿ. ಸೊನ್ನೆಗೆ ಬಂದಾಗಲೇ ಕೆಫ್ರೀ. ಸಾಧನ ಹೋಗಿದೆ ಅನ್ನೋ ಗುರುತನ್ನೂ ಸ್ಟ್ರಕ್ಟ್‌ನಲ್ಲೇ ಇಡಬೇಕು, ಎದ್ದ ರೀಡ್ ಅದನ್ನು ಲಾಕ್ ಹಿಡಿದು ನೋಡಿ ವಾಪಸ್ ಹೋಗಬೇಕು. ಕರ್ನಲ್ ಜೊತೆಗೇ ಬರುವ ಮಾದರಿ ಡ್ರೈವರ್ ಯುಎಸ್‌ಬಿ ಸ್ಕೆಲಿಟನ್‌ನಲ್ಲೂ ಇದೇ ಕೆರೆಫ್ ಇದೆ. ಅದನ್ನು ಮೊದಲೇ ಓದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಈಗ ನನ್ನ ಡ್ರೈವರ್‌ನಲ್ಲಿ ಸ್ಟ್ರಕ್ಟ್‌ಗೆ ಕೆರೆಫ್, ತಾತ್ಕಾಲಿಕ ಬಫರ್‌ಗೆ ಕ್ಲೀನಪ್. ಫೈಲ್ ಕಡೆಯಿಂದ ಯಾರೂ ಮುಟ್ಟದ ವಸ್ತುಗಳಿಗೆ ಡೆವ್‌ಎಂ ಉಳಿಸಿದ್ದೇನೆ. ಪ್ರೋಗ್ರಾಂ ಓದುತ್ತಿರುವಾಗಲೇ ಐವತ್ತು ಸಲ ಕೇಬಲ್ ಎಳೆದು ನೋಡಿದೆ, ಕೇಸನ್ ಉಸಿರೆತ್ತಲಿಲ್ಲ. ಕೇಸನ್ ಎಂಟರಲ್ಲಿ ಒಂದು ಪಾಲು ಮೆಮೊರಿಯನ್ನು ತನ್ನ ಲೆಕ್ಕಕ್ಕೇ ಇಟ್ಟುಕೊಳ್ಳುತ್ತದೆ, ವೇಗವೂ ತಗ್ಗುತ್ತದೆ. ಹಾಗಾಗಿ ತನ್ನ ಜಾಗಕ್ಕೆ ವಾಪಸ್ ಹೋದ ಪೈಯಲ್ಲಿ ಅದನ್ನು ತೆಗೆದು, ಆಗಾಗ ಒಂದೊಂದು ತುಂಡನ್ನಷ್ಟೇ ಆರಿಸಿ ಕಾಯುವ ಹಗುರವಾದ ಕೆಫೆನ್ಸ್ ಬಿಟ್ಟಿದ್ದೇನೆ.